ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಲೇಜು ಆವರಣದ ಸಮುದಾಯ ತೋಟ

ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಿಬ್ಬಂದಿ ಒಟ್ಟಾಗಿ ನಡೆಸುವ ತರಕಾರಿ ತೋಟಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಆಯ್ದುಕೊಂಡಿದ್ದೇವೆ. ಒಂದೇ ವಿಷಯವನ್ನು ಹಲವರು ಕೇಳಿದ್ದ ಕಡೆ ಪ್ರಶ್ನೆಗಳನ್ನು ಸೇರಿಸಿ ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷವೂ ಉತ್ಸಾಹಿ ವಿದ್ಯಾರ್ಥಿಗಳ ಗುಂಪೊಂದು ತೋಟ ಆರಂಭಿಸುತ್ತದೆ. ಮೊದಲ ಎರಡು ಮೂರು ತಿಂಗಳು ಕೆಲಸ ಚೆನ್ನಾಗಿ ನಡೆಯುತ್ತದೆ. ಪರೀಕ್ಷೆ ಹತ್ತಿರವಾದಂತೆ ಬರುವವರು ಕಡಿಮೆಯಾಗುತ್ತಾರೆ. ದೀರ್ಘ ರಜೆ ಮುಗಿಯುವ ಹೊತ್ತಿಗೆ ಪಾತಿಗಳು ಒಣಗಿರುತ್ತವೆ, ಇಲ್ಲವೇ ಕಳೆಯಿಂದ ತುಂಬಿರುತ್ತವೆ. ಮರುವರ್ಷ ಹೊಸಬರು ಮೊದಲಿನಿಂದ ಶುರು ಮಾಡುತ್ತಾರೆ. ಇದಕ್ಕೆ ಪರಿಹಾರವಿದೆಯೇ?
— ತೋಟದ ಸಂಚಾಲಕಿಯಾಗಿರುವ ಉಪನ್ಯಾಸಕಿ

ಉತ್ತರ: ಪರಿಹಾರವಿದೆ, ಆದರೆ ಅದು ಮಣ್ಣಿಗಿಂತ ಹೆಚ್ಚಾಗಿ ವೇಳಾಪಟ್ಟಿಗೆ ಸಂಬಂಧಿಸಿದ್ದು. ಬಡಾವಣೆಯ ಸಮುದಾಯ ತೋಟದಲ್ಲಿ ದುಡಿಯುವವರು ವರ್ಷಗಟ್ಟಲೆ ಅಲ್ಲಿಯೇ ಇರುತ್ತಾರೆ, ಯಾರಾದರೂ ಬಿಟ್ಟು ಹೋದರೆ ಅದು ಅಪರೂಪದ ಸಂಗತಿ. ಕಾಲೇಜಿನಲ್ಲಿ ಮಾತ್ರ ಕೆಲಸ ಕಲಿತವರೆಲ್ಲರೂ ಮೂರು ನಾಲ್ಕು ವರ್ಷಗಳೊಳಗೆ ಹೊರಟುಹೋಗುವುದು ನಿಶ್ಚಿತ. ಹಾಗಿದ್ದೂ ಬಹುತೇಕ ತೋಟಗಳನ್ನು ಎಲ್ಲರೂ ಉಳಿಯುತ್ತಾರೆಂಬಂತೆ ಯೋಜಿಸಲಾಗುತ್ತದೆ, ಅದರಿಂದಲೇ ಅವು ಸೊರಗುತ್ತವೆ. ಬೆಳೆಯ ಆಯ್ಕೆಯಿಂದ ಹಿಡಿದು ಬೀಗದ ಕೈ ಯಾರ ಬಳಿ ಇರಬೇಕೆಂಬುದರವರೆಗೆ ಪ್ರತಿಯೊಂದನ್ನೂ ಜನ ಹೊರಟುಹೋಗುತ್ತಾರೆ ಎಂಬ ಅರಿವಿನಿಂದಲೇ ನಿರ್ಧರಿಸಬೇಕು.

ಮೊದಲು ಬೆಳೆಯ ವಿಷಯ. ಪರೀಕ್ಷೆ ಆರಂಭವಾಗುವ ದಿನವನ್ನು ಹಿಡಿದು ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಸಾಮಾನ್ಯವಾಗಿ ಒಂದು ಸೆಮಿಸ್ಟರ್‌ನಲ್ಲಿ 15–16 ವಾರಗಳ ಪಾಠವಿರುತ್ತದೆ. ಆರಂಭದ ಎರಡು ವಾರ ಪ್ರವೇಶ ಮತ್ತು ಪರಿಚಯದಲ್ಲಿ, ಕೊನೆಯ ಎರಡು ವಾರ ಓದಿನಲ್ಲಿ ಕಳೆಯುತ್ತವೆ. ಉಳಿಯುವ 11–12 ವಾರಗಳಲ್ಲಿ ಮುಗಿಯುವ ಬೆಳೆಗಳನ್ನಷ್ಟೇ ವಿದ್ಯಾರ್ಥಿಗಳ ಪಾಲಿಗೆ ಕೊಡಿ. ಮೂಲಂಗಿ ಬಿತ್ತಿದ 25–35 ದಿನಗಳಲ್ಲಿ, ಹೆಚ್ಚಿನ ಸೊಪ್ಪುಗಳು 30–45 ದಿನಗಳಲ್ಲಿ, ಪೊದೆ ಬೀನ್ಸ್ ಸುಮಾರು 50–60 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಟೊಮೆಟೊಗೆ ನಾಟಿ ಮಾಡಿದ ಮೇಲೆ 60–80 ದಿನ ಬೇಕು, ಅದಕ್ಕೂ ಮೊದಲು ಸಸಿಮಡಿಯಲ್ಲಿ ಸುಮಾರು ಐದಾರು ವಾರ. ಆದ್ದರಿಂದ ಸೆಮಿಸ್ಟರ್‌ನ ಮೊದಲ ವಾರದಲ್ಲಿ ಬೀಜ ಬಿತ್ತಿ ಹಣ್ಣು ತಿನ್ನುವ ಆಸೆ ಇಟ್ಟುಕೊಂಡವರಿಗೆ ಪರೀಕ್ಷೆಯ ಹೊತ್ತಿಗೆ ಹೆಚ್ಚಾಗಿ ಕಾಯಿಯಷ್ಟೇ ಕಾಣಿಸುತ್ತದೆ, ಹಣ್ಣು ಧಾರಾಳವಾಗಿ ಕೈಗೆ ಬರುವಾಗ ಅವರು ಊರಿನಲ್ಲಿರುತ್ತಾರೆ. ಟೊಮೆಟೊ ಬೇಕೇ ಬೇಕೆಂದಾದರೆ ತರಗತಿಗಳು ಆರಂಭವಾಗುವ ಹೊತ್ತಿಗೆ ನಾಟಿಗೆ ಸಿದ್ಧವಾದ ಸಸಿಗಳು ಇರಬೇಕು. ರಜೆಯ ಕೊನೆಯ ವಾರಗಳಲ್ಲಿ ಅವುಗಳನ್ನು ಬೆಳೆಸುವ ಹೊಣೆಯನ್ನು ಆವರಣದಲ್ಲೇ ಉಳಿದಿರುವ ಯಾರಾದರೂ ಹೊರಬೇಕು.

ಎರಡನೆಯದು ರಜೆ. ರಜೆಯಲ್ಲಿ ಇಡೀ ತೋಟವನ್ನು ಹಸಿರಾಗಿ ಇಟ್ಟುಕೊಳ್ಳುವ ಹಟ ಬೇಡ. ಐದರಲ್ಲಿ ಒಂದು ಭಾಗವನ್ನು, ಅಂದರೆ ಇಬ್ಬರು ವಾರಕ್ಕೆರಡು ಬಾರಿ ಬಂದು ನೋಡಿಕೊಳ್ಳಬಹುದಾದಷ್ಟನ್ನು, ಜೀವಂತವಾಗಿ ಇಟ್ಟುಕೊಂಡು ಉಳಿದ ಪಾತಿಗಳನ್ನು ವಿಶ್ರಾಂತಿಗೆ ಬಿಡಿ. ವಿಶ್ರಾಂತಿ ಎಂದರೆ ಬರಿ ಮಣ್ಣನ್ನು ಬಿಸಿಲಿಗೆ ಒಡ್ಡಿ ಹೋಗುವುದಲ್ಲ. ಬೆಳಕು ತಾಗಿದ ಬರಿ ಮಣ್ಣಿನಲ್ಲಿ ಕಳೆಬೀಜಗಳು ಮೊಳೆಯುತ್ತವೆ, ಮೇಲ್ಮಣ್ಣು ಹೆಪ್ಪುಗಟ್ಟುತ್ತದೆ, ಮಳೆ ಬಿದ್ದರೆ ಕೊಚ್ಚಿಹೋಗುತ್ತದೆ. ತೇವವಿರುವ ಕಾಲದಲ್ಲಿ ರಜೆ ಬರುವುದಾದರೆ ಹಸಿರೆಲೆ ಗೊಬ್ಬರದ ಬೆಳೆ ಬಿತ್ತಿ ಹೋಗುವುದು ಒಳ್ಳೆಯದು: ಬೆಚ್ಚನೆಯ ಹವೆಯಲ್ಲಿ ಅಪ್ಸೆಣಬು, ತಂಪು ಹವೆಯಲ್ಲಿ ಕ್ಲೋವರ್. ಇವೆರಡೂ ದ್ವಿದಳ ಜಾತಿಯವಾದ್ದರಿಂದ ಬೇರುಗಂಟುಗಳಲ್ಲಿರುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಮರಳಿ ಬಂದವರು ಅವನ್ನು ಬೀಜ ಕಟ್ಟುವ ಮೊದಲೇ ಕತ್ತರಿಸಿ ಮಣ್ಣಿಗೆ ಸೇರಿಸಿ, ಎರಡು ಮೂರು ವಾರ ಕೊಳೆಯಲು ಬಿಟ್ಟು ಬಿತ್ತನೆ ಮಾಡಬಹುದು. ರಜೆ ಒಣಹವೆಯಲ್ಲಿ ಬಂದರೆ ಪಾತಿಗೆ ಚೆನ್ನಾಗಿ ನೀರುಣಿಸಿ, ಒಣ ಎಲೆ ಅಥವಾ ಹುಲ್ಲಿನ ಹೊದಿಕೆಯನ್ನು 8–10 ಸೆಂಟಿಮೀಟರ್ ದಪ್ಪ ಹರಡಿ ಹೋಗಿ. ಹನಿ ನೀರಾವರಿಗೆ ಟೈಮರ್ ಜೋಡಿಸಿದರೆ ಅನುಕೂಲವೇ ಸರಿ, ಆದರೆ ಹನಿರಂಧ್ರ ಕಟ್ಟಿಕೊಳ್ಳುವುದು, ಕೊಳವೆ ಕಳಚಿಕೊಳ್ಳುವುದು ಇದ್ದೇ ಇರುವುದರಿಂದ ವಾರಕ್ಕೊಮ್ಮೆಯಾದರೂ ಕಣ್ಣಾಡಿಸುವವರು ಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹಸ್ತಾಂತರ. ಬಹಳಷ್ಟು ಕಡೆ ಅಂತಿಮ ವರ್ಷದವರೇ ತೋಟದ ಮುಖ್ಯಸ್ಥರಾಗಿದ್ದು, ಹೊರಡುವ ವಾರದಲ್ಲಿ ಕಿರಿಯರಿಗೆ ಬೀಗದ ಕೈ ಕೊಟ್ಟು ಹೋಗುತ್ತಾರೆ. ಒಂದು ವಾರದಲ್ಲಿ ಕೈ ಬದಲಾಗುವುದು ಬೀಗದ ಕೈ ಮಾತ್ರ, ಅನುಭವವಲ್ಲ. ನಮ್ಮ ಸಲಹೆ ಇಷ್ಟು: ಮೊದಲ ವರ್ಷದವರು ಕಲಿಯಲಿ, ಮಧ್ಯದ ವರ್ಷದವರು ನಡೆಸಲಿ, ಅಂತಿಮ ವರ್ಷದವರು ಯಾವ ಹುದ್ದೆಯೂ ಇಲ್ಲದೆ ಪಕ್ಕದಲ್ಲಿ ನಿಂತು ಹೇಳಿಕೊಡಲಿ. ಹೀಗೆ ಮಾಡಿದರೆ ಹೊಣೆ ಹೊತ್ತವರು ತಪ್ಪುದಾರಿ ಹಿಡಿದಾಗ ತಿದ್ದುವವರು ಒಂದು ಪೂರ್ಣ ಬೆಳೆಯ ಅವಧಿಯಲ್ಲಿ ಅಲ್ಲಿಯೇ ಇರುತ್ತಾರೆ.

ಇದರ ಜೊತೆಗೆ ಒಂದು ದಪ್ಪ ರಟ್ಟಿನ ದಿನಚರಿ ಪುಸ್ತಕ ಬೇಕು. ಅದರಲ್ಲಿ ಸಂಖ್ಯೆ ಹಾಕಿದ ಪಾತಿಗಳ ನಕ್ಷೆ, ಯಾವ ಪಾತಿಯಲ್ಲಿ ಯಾವ ದಿನ ಏನನ್ನು ಬಿತ್ತಲಾಯಿತು, ಯಾವ ರೋಗ ಬಂತು, ನೀರಿನ ಮುಖ್ಯ ಕವಾಟ ಎಲ್ಲಿದೆ, ಜಾಗಕ್ಕೆ ಅನುಮತಿ ಕೊಟ್ಟ ಪತ್ರ ಯಾವುದು ಎಂಬುದೆಲ್ಲ ಇರಲಿ. ಇದು ಕಚೇರಿಯ ಶಿಸ್ತಿಗಾಗಿ ಹೇಳುತ್ತಿರುವ ಮಾತಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬಕ್ಕೆ ಸೇರಿದವು. ಮಣ್ಣಿನಲ್ಲಿ ಉಳಿಯುವ ರೋಗಗಳನ್ನು ತಡೆಯಲು ಒಂದು ಕುಟುಂಬದ ಬೆಳೆಯನ್ನು ಅದೇ ಪಾತಿಗೆ ಮರಳಿ ತರುವ ಮೊದಲು ಮೂರು ವರ್ಷವಾದರೂ ಬಿಡಬೇಕೆಂಬುದು ರೂಢಿಯ ನಿಯಮ. ಮೂರು ವರ್ಷದ ಹಿಂದೆ ಅಲ್ಲಿ ಏನಿತ್ತೆಂದು ಬಲ್ಲ ವಿದ್ಯಾರ್ಥಿ ಒಬ್ಬರೂ ಉಳಿದಿಲ್ಲದ ಆವರಣದಲ್ಲಿ, ಆ ಪುಸ್ತಕವಿಲ್ಲದೆ ಬೆಳೆ ಸರದಿಯನ್ನು ಪಾಲಿಸುವುದು ಅಸಾಧ್ಯ.

ಕೊನೆಯದಾಗಿ, ತೋಟದ ಹೊಣೆಯನ್ನು ಒಬ್ಬ ವ್ಯಕ್ತಿಯ ಹೆಸರಿಗಲ್ಲ, ಕಾಲೇಜಿನ ಒಂದು ಹುದ್ದೆಗೆ ಕಟ್ಟಿ. ಆಲನ್ ಚಾಡ್ವಿಕ್ ಎಂಬ ಇಂಗ್ಲಿಷ್ ತೋಟಗಾರ 1967ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಆವರಣದ ಕಡಿದಾದ ಇಳಿಜಾರೊಂದರಲ್ಲಿ ವಿದ್ಯಾರ್ಥಿ ತೋಟ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅವರು ಅಲ್ಲಿಂದ ಹೊರಟರೂ ತೋಟ ಇಂದಿಗೂ ನಡೆಯುತ್ತಿದೆ, ಏಕೆಂದರೆ ಅದು ಕ್ರಮೇಣ ವಿಶ್ವವಿದ್ಯಾಲಯದ ಬೋಧನೆ ಮತ್ತು ಸಂಶೋಧನೆಯ ಭಾಗವಾಯಿತು, ಅದನ್ನು ನೋಡಿಕೊಳ್ಳಲೆಂದೇ ಸಿಬ್ಬಂದಿ ನೇಮಕಗೊಂಡರು. ಅಷ್ಟು ದೊಡ್ಡ ವ್ಯವಸ್ಥೆ ಎಲ್ಲರಿಗೂ ಸಾಧ್ಯವಿಲ್ಲ. ಆದರೂ ಉಪನ್ಯಾಸಕರೊಬ್ಬರ ವಾರದ ಕೆಲಸದ ಲೆಕ್ಕದಲ್ಲಿ ಎರಡು ಗಂಟೆ ತೋಟಕ್ಕೆಂದು ಬರೆಸಿಕೊಳ್ಳುವುದು ಯಾವ ಕಾಲೇಜಿಗೂ ಹೊರೆಯಾಗದು. ಮೇಡಂ, ನೀವು ಈಗ ಈ ಕೆಲಸವನ್ನು ನಿಮ್ಮ ಬಿಡುವಿನ ವೇಳೆಯಲ್ಲಿ ಮಾಡುತ್ತಿದ್ದೀರಿ ಎಂದು ಪತ್ರದಿಂದ ತಿಳಿಯುತ್ತದೆ. ಆ ಎರಡು ಗಂಟೆಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ, ನಿಮ್ಮ ನಂತರ ಬರುವವರಿಗೂ ಅದು ದೊರೆಯುತ್ತದೆ.

ಪ್ರಶ್ನೆ: ತೋಟವನ್ನು ಒಬ್ಬೊಬ್ಬರಿಗೆ ಒಂದೊಂದು ಪಾತಿಯಂತೆ ಹಂಚಬೇಕೇ, ಎಲ್ಲರೂ ಸೇರಿ ಒಟ್ಟಾಗಿ ಬೆಳೆಯಬೇಕೇ? ಒಟ್ಟಾಗಿ ಬೆಳೆದಾಗ ಕೆಲಸಕ್ಕೆ ಬಾರದವರೂ ಕೊಯ್ದುಕೊಂಡು ಹೋಗುತ್ತಾರೆ. ಗೆಳೆಯರ ನಡುವೆಯೇ ಮನಸ್ತಾಪವಾಗಿದೆ.
— ದ್ವಿತೀಯ ವರ್ಷದ ಪದವಿ ವಿದ್ಯಾರ್ಥಿ

ಉತ್ತರ: ಕಾಲೇಜಿನ ಮಟ್ಟಿಗೆ ಒಟ್ಟಾಗಿ ಬೆಳೆಯುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಹಂಚಿದ ಪಾತಿಯ ಒಡೆಯರು ಓದಿನ ಒತ್ತಡದಲ್ಲಿ ಎರಡು ವಾರ ಬಾರದಿದ್ದರೆ ಆ ಪಾತಿಯ ಕಳೆ ಬೀಜವಾಗಿ ಸುತ್ತಲಿನ ಪಾತಿಗಳಿಗೂ ಹರಡುತ್ತದೆ, ಮತ್ತೊಬ್ಬರ ಪಾತಿಗೆ ಕೈ ಹಾಕಲು ಯಾರಿಗೂ ಅಧಿಕಾರವಿರುವುದಿಲ್ಲ. ಅಧ್ಯಾಪಕರು ಮತ್ತು ಆವರಣದಲ್ಲೇ ವಾಸಿಸುವ ಕುಟುಂಬಗಳು ಕೇಳಿದರೆ ಅವರಿಗಾಗಿ ಅಂಚಿನಲ್ಲಿ ಕೆಲವು ಪಾತಿಗಳನ್ನು ಕೊಡಬಹುದು.

ಇನ್ನು ದುಡಿಯದೆ ಕೊಯ್ಯುವವರ ಮಾತು. ಎಲ್ಲರಿಗೂ ಸೇರಿದ ಸಂಪನ್ಮೂಲವನ್ನು ಪ್ರತಿಯೊಬ್ಬರೂ ತಮ್ಮ ಲಾಭಕ್ಕೆ ಬಳಸಿ ಕೊನೆಗೆ ಹಾಳುಮಾಡುತ್ತಾರೆ ಎಂದು ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಅದು ಅನಿವಾರ್ಯವಲ್ಲ ಎಂಬುದನ್ನು ಎಲಿನಾರ್ ಆಸ್ಟ್ರಮ್ ತೋರಿಸಿಕೊಟ್ಟರು. ತಲೆಮಾರುಗಳಿಂದ ನೀರಾವರಿ ಕಾಲುವೆ, ಹುಲ್ಲುಗಾವಲು, ಮೀನುಗಾರಿಕೆಯ ನೆಲೆಗಳನ್ನು ತಾವೇ ಕಾಪಾಡಿಕೊಂಡು ಬಂದ ಸಮುದಾಯಗಳನ್ನು ಅವರು ಅಧ್ಯಯನ ಮಾಡಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದು, ಆ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಮಹಿಳೆಯಾದರು. ಬಾಳಿಕೆ ಬಂದ ವ್ಯವಸ್ಥೆಗಳಲ್ಲಿ ಅವರು ಗುರುತಿಸಿದ ಲಕ್ಷಣಗಳಲ್ಲಿ ಕೆಲವು ನಿಮ್ಮ ತೋಟಕ್ಕೆ ನೇರವಾಗಿ ಒಪ್ಪುತ್ತವೆ: ಯಾರು ಸದಸ್ಯರು, ಯಾರಲ್ಲ ಎಂಬುದು ಸ್ಪಷ್ಟವಾಗಿರಬೇಕು, ನಿಯಮಗಳನ್ನು ಅದಕ್ಕೆ ಒಳಪಡುವವರೇ ಮಾಡಬೇಕು, ಪಾಲನೆಯನ್ನು ಗಮನಿಸುವವರು ಅವರೊಳಗಿನವರೇ ಆಗಿರಬೇಕು, ಮೊದಲ ತಪ್ಪಿಗೆ ಸೌಮ್ಯವಾದ, ಮತ್ತೆ ಮತ್ತೆ ಮಾಡಿದರೆ ಬಿಗಿಯಾಗುತ್ತಾ ಹೋಗುವ ಕ್ರಮವಿರಬೇಕು, ಜಗಳ ಬಂದಾಗ ಬೇಗನೆ ಕೂತು ಬಗೆಹರಿಸಿಕೊಳ್ಳುವ ಜಾಗವಿರಬೇಕು.

ಇದನ್ನು ಕಾರ್ಯರೂಪಕ್ಕೆ ತರುವುದು ಕಷ್ಟವಲ್ಲ. ವಾರದಲ್ಲಿ ಒಂದೇ ದಿನ, ಒಂದೇ ಹೊತ್ತಿನಲ್ಲಿ ಕೊಯ್ಲು ಮಾಡಿ. ಆ ವಾರ ಕೆಲಸಕ್ಕೆ ಬಂದವರ ಹೆಸರು ದಿನಚರಿಯಲ್ಲಿರುತ್ತದೆ, ಬೆಳೆ ಅವರ ನಡುವೆ ಹಂಚಿಕೆಯಾಗಲಿ. ಹಾದುಹೋಗುವ ಯಾರು ಬೇಕಾದರೂ ಕೇಳದೆ ಕಿತ್ತುಕೊಳ್ಳಬಹುದಾದ ಒಂದು ಪಾತಿಯನ್ನು ದಾರಿಯ ಪಕ್ಕದಲ್ಲೇ ಬೆಳೆಸಿ, ಅಲ್ಲಿ ದೊಡ್ಡ ಅಕ್ಷರದ ಫಲಕ ಹಾಕಿ. ಎಲ್ಲಿ ಕೀಳಬಹುದು ಎಂದು ತಿಳಿಸಿದ ಮೇಲೆ ಎಲ್ಲಿ ಕೀಳಬಾರದು ಎಂದು ಹೇಳುವುದು ಸುಲಭವಾಗುತ್ತದೆ. ಇಷ್ಟಾದ ಮೇಲೂ ಒಂದಷ್ಟು ಕಳುವಾಗುತ್ತದೆ. ಅದಕ್ಕಾಗಿ ಬೇಲಿ ಎತ್ತರಿಸುವುದು, ಬಾಗಿಲು ಮುಚ್ಚುವುದು, ಕಾವಲು ಹಾಕುವುದು ಯಾವುದೂ ಬೇಡ. ಮುಚ್ಚಿದ ಬಾಗಿಲು ಹೊಸ ಸದಸ್ಯರನ್ನೂ ಹೊರಗಿಡುತ್ತದೆ.

ಪ್ರಶ್ನೆ: ನಾನು ಕಾಲೇಜಿನಲ್ಲಿ ಮಾಲಿ. ವಿದ್ಯಾರ್ಥಿಗಳು ತೋಟ ಮಾಡಿದ್ದು ನನಗೂ ಸಂತೋಷವೇ. ಆದರೆ ಅವರು ಬಾರದ ದಿನ ನೀರು ಹಾಕುವುದು, ಕಳೆ ತೆಗೆಯುವುದು, ಸಲಕರಣೆ ಒಳಗಿಡುವುದು ಎಲ್ಲವೂ ನನ್ನ ಮೇಲೆ ಬೀಳುತ್ತದೆ. ಬೇಡ ಎನ್ನಲು ಆಗುತ್ತಿಲ್ಲ.
— ಹೆಸರು ಬೇಡವೆಂದ ಓದುಗರು

ಉತ್ತರ: ಮಾನ್ಯರೇ, ನಿಮ್ಮ ಪತ್ರವನ್ನು ಕ್ಯಾಂಪಸ್ ತೋಟ ನಡೆಸುವ ಪ್ರತಿಯೊಬ್ಬರೂ ಓದಲಿ ಎಂಬ ಕಾರಣಕ್ಕೆ ಪೂರ್ತಿಯಾಗಿ ಪ್ರಕಟಿಸಿದ್ದೇವೆ. ಸಮುದಾಯ ತೋಟ ಎಂಬ ಹೆಸರಿನಲ್ಲಿ ಒಬ್ಬ ನೌಕರರ ಕೆಲಸ ಹೆಚ್ಚಾಗಿ, ಸಂಬಳ ಹಾಗೆಯೇ ಉಳಿದರೆ ಅದು ಅನ್ಯಾಯ. ನೀವು ಬೇಡ ಎನ್ನಬೇಕಾದ ಪರಿಸ್ಥಿತಿಯೇ ಬರಬಾರದಿತ್ತು, ಇದನ್ನು ಕೇಳಿ ತಿಳಿದುಕೊಳ್ಳುವುದು ತೋಟದ ಸಂಚಾಲಕರ ಕೆಲಸ.

ಸಂಚಾಲಕರಿಗೆ ನಮ್ಮ ವಿನಂತಿ: ಆವರಣದ ತೋಟಗಾರಿಕೆ ಸಿಬ್ಬಂದಿಯನ್ನು ಯೋಜನೆಯ ಮೊದಲ ಸಭೆಗೇ ಕರೆಯಿರಿ, ಅದೂ ಕೆಲಸದ ಸಮಯದೊಳಗೆ. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಕಟ್ಟಡದ ನೆರಳು ಯಾವ ತಿಂಗಳಲ್ಲಿ ಎಲ್ಲಿಯವರೆಗೆ ಚಾಚುತ್ತದೆ, ನೆಲದಡಿಯ ಕೊಳವೆ ಎಲ್ಲಿ ಹಾದುಹೋಗಿದೆ ಎಂಬುದನ್ನು ಅವರಷ್ಟು ಬಲ್ಲವರು ಆವರಣದಲ್ಲಿ ಬೇರೊಬ್ಬರಿಲ್ಲ. ಅವರು ಮಾಡುವ ಕೆಲಸ ಯಾವುದು, ವಿದ್ಯಾರ್ಥಿಗಳು ಮಾಡುವ ಕೆಲಸ ಯಾವುದು ಎಂಬುದನ್ನು ಬರೆದು ಇಬ್ಬರೂ ಒಪ್ಪಿಕೊಳ್ಳಿ. ರಜೆಯಲ್ಲಿ ಅವರೇ ನೋಡಿಕೊಳ್ಳಬೇಕೆಂದಾದರೆ ಆ ಗಂಟೆಗಳಿಗೆ ಹಣ ಪಾವತಿಯಾಗಬೇಕು, ಬೆಳೆಯಲ್ಲೂ ಅವರಿಗೆ ಪಾಲಿರಬೇಕು. ಅಷ್ಟು ಹಣವಿಲ್ಲವೆಂದಾದರೆ ತೋಟವನ್ನು ಚಿಕ್ಕದಾಗಿಸಿ.

ನಿಮಗೆ ಹೇಳುವುದಾದರೆ, ಒಂದು ತಿಂಗಳ ಕಾಲ ತೋಟಕ್ಕೆ ನೀವು ಕೊಟ್ಟ ಸಮಯವನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಂಡು ಸಂಚಾಲಕರಿಗೆ ತೋರಿಸಿ. ಬೇಡ ಎನ್ನಲು ಆಗದ ಕಡೆಯೂ ಲೆಕ್ಕವನ್ನು ಮುಂದಿಡಬಹುದು.

ಪ್ರಶ್ನೆ: ಹೊಸದಾಗಿ ತೋಟ ಆರಂಭಿಸಲು ಆವರಣದಲ್ಲಿ ಎರಡು ಜಾಗ ಸೂಚಿಸಿದ್ದಾರೆ. ಒಂದು ಹಳೆಯ ಕಟ್ಟಡವನ್ನು ಕೆಡವಿದ ನಿವೇಶನ, ಇನ್ನೊಂದು ಗ್ರಂಥಾಲಯದ ಹಿಂಬದಿಯ ಹುಲ್ಲು ನೆಲ. ಯಾವುದನ್ನು ಆರಿಸಬೇಕು?
— ವಿದ್ಯಾರ್ಥಿ ಪರಿಸರ ಸಂಘದ ಕಾರ್ಯದರ್ಶಿ

ಉತ್ತರ: ಬಿಸಿಲು ಮತ್ತು ನೀರು ಇರುವುದಾದರೆ ಹುಲ್ಲು ನೆಲವನ್ನು. ಹಳೆಯ ಕಟ್ಟಡಗಳ ಬಣ್ಣದಲ್ಲಿ ಸೀಸ ಇರುತ್ತಿತ್ತು; ಕೆಡವಿದಾಗ ಅದು ಮಣ್ಣಿಗೆ ಸೇರಿ, ಕರಗಿಹೋಗದೆ ದಶಕಗಟ್ಟಲೆ ಉಳಿಯುತ್ತದೆ. ಸೊಪ್ಪು ಮತ್ತು ಗೆಡ್ಡೆಗಳಿಗೆ ಮೆತ್ತಿಕೊಂಡ ಅಂತಹ ಮಣ್ಣು ಹೊಟ್ಟೆ ಸೇರುವುದು ಅಪಾಯಕರ, ಮಕ್ಕಳಿಗಂತೂ ಇನ್ನೂ ಹೆಚ್ಚು. ಆ ಜಾಗವೇ ಅನಿವಾರ್ಯವಾದರೆ ಸೀಸಕ್ಕಾಗಿಯೇ ಪ್ರತ್ಯೇಕವಾಗಿ ಮಣ್ಣು ಪರೀಕ್ಷೆ ಮಾಡಿಸಿ (ರಸಸಾರ ಮತ್ತು ಪೋಷಕಾಂಶ ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಅದು ತಿಳಿಯುವುದಿಲ್ಲ), ಫಲಿತಾಂಶ ಅನುಮಾನ ಹುಟ್ಟಿಸಿದರೆ ನೆಲದ ಮೇಲೆ ತಡೆಬಟ್ಟೆ ಹಾಸಿ, ಹೊರಗಿನಿಂದ ತಂದ ಮಣ್ಣು ತುಂಬಿದ 30 ಸೆಂಟಿಮೀಟರ್ ಎತ್ತರದ ಏರುಮಡಿಗಳಲ್ಲಿ ಬೆಳೆಯಿರಿ.

ಗ್ರಂಥಾಲಯದ ಹಿಂಬದಿಯಲ್ಲಿ ಕಾಯಿ ಬಿಡುವ ಬೆಳೆಗೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಸಿಗುತ್ತದೆಯೇ ಎಂದು ನೋಡಿ. ಸೊಪ್ಪುಗಳು ನಾಲ್ಕು ಗಂಟೆಯಲ್ಲೂ ಬೆಳೆಯುತ್ತವೆ. ನೀರಿನ ಲೆಕ್ಕ ಸರಳ: ವಾರಕ್ಕೆ 25 ಮಿಲಿಮೀಟರ್ ಎಂದು ಹಿಡಿದರೆ ಒಂದು ಚದರ ಮೀಟರ್‌ಗೆ 25 ಲೀಟರ್, 100 ಚದರ ಮೀಟರ್ ಪಾತಿಗೆ 2,500 ಲೀಟರ್. ಇದನ್ನು ಕೊಡದಲ್ಲಿ ಹೊತ್ತು ಹಾಕಲಾಗದು, ಆದ್ದರಿಂದ ನಲ್ಲಿ ಇಲ್ಲದ ಜಾಗವನ್ನು ಒಪ್ಪಿಕೊಳ್ಳಬೇಡಿ. ಪಾತಿಯ ಅಗಲ 1.2 ಮೀಟರ್ ಮೀರದಿದ್ದರೆ ಎರಡೂ ಬದಿಯಿಂದ ಕೈ ನಡುವಿನವರೆಗೆ ತಲುಪುತ್ತದೆ, ಯಾರೂ ಮಣ್ಣನ್ನು ತುಳಿಯಬೇಕಿಲ್ಲ. ಕೆಲವು ಪಾತಿಗಳನ್ನಾದರೂ ಸೊಂಟದ ಹತ್ತಿರದ ಎತ್ತರಕ್ಕೆ ಕಟ್ಟಿ, ಅಲ್ಲಿಗೆ ಹೋಗುವ ದಾರಿಯನ್ನು 1.2 ಮೀಟರ್ ಅಗಲಕ್ಕೆ ಗಟ್ಟಿ ನೆಲವಾಗಿ ಮಾಡಿದರೆ ಗಾಲಿಕುರ್ಚಿ ಬಳಸುವವರೂ ಬಗ್ಗಲಾಗದವರೂ ಕೆಲಸ ಮಾಡಬಹುದು. ಇದನ್ನು ಆರಂಭದಲ್ಲೇ ಮಾಡಬೇಕು, ಆಮೇಲೆ ಸೇರಿಸಲು ಹೋದರೆ ಖರ್ಚೂ ಹೆಚ್ಚು, ಮನಸ್ಸೂ ಬರುವುದಿಲ್ಲ.

ಅನುಮತಿಯನ್ನು ಬರಹದಲ್ಲಿ, ಕನಿಷ್ಠ ಐದು ವರ್ಷಕ್ಕೆ ಪಡೆಯಿರಿ. ಆ ನೆಲದಲ್ಲಿ ಮುಂದೆ ಕಟ್ಟಡ ಬರುವ ಯೋಜನೆ ಇದೆಯೇ ಎಂದು ಮೊದಲೇ ಕೇಳಿ. ಮಣ್ಣು ಹದಕ್ಕೆ ಬರಲು ಎರಡು ಮೂರು ವರ್ಷ ಹಿಡಿಯುತ್ತದೆ, ಹದಕ್ಕೆ ಬಂದ ಮೇಲೆ ಕಳೆದುಕೊಳ್ಳುವುದು ದುಃಖದ ವಿಷಯ.

ಪ್ರಶ್ನೆ: ಹಾಸ್ಟೆಲ್ ಅಡುಗೆಮನೆಯ ತರಕಾರಿ ಸಿಪ್ಪೆಯಿಂದ ಕಾಂಪೋಸ್ಟ್ ಮಾಡಲು ಹೊರಟು ವಾಸನೆ, ನೊಣಗಳ ಕಾಟಕ್ಕೆ ದೂರುಗಳು ಬಂದಿವೆ. ಏನು ತಪ್ಪಾಗಿದೆ?
— ಹಾಸ್ಟೆಲ್ ಸಮಿತಿ

ಉತ್ತರ: ಹಸಿ ಕಸ ಹೆಚ್ಚಾಗಿ, ಒಣ ಕಸ ಕಡಿಮೆಯಾಗಿದೆ. ಕೊಳೆಯುವ ರಾಶಿಯಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತ 25–30ಕ್ಕೆ 1ರ ಸುಮಾರಿಗೆ ಇರಬೇಕು. ಸಿಪ್ಪೆಯಲ್ಲಿ ಸಾರಜನಕ ಮತ್ತು ನೀರು ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಒಂದು ಬಕೆಟ್ ಸಿಪ್ಪೆಗೆ ಎರಡರಿಂದ ಮೂರು ಬಕೆಟ್ ಒಣ ಎಲೆ ಹಾಕಿ, ಪ್ರತಿ ಬಾರಿಯೂ ಮೇಲಿನ ಪದರ ಒಣ ಎಲೆಯೇ ಆಗಿರಲಿ. ಹಾಸ್ಟೆಲಿನ ಸಿಪ್ಪೆ ದಿನವೂ ಬರುತ್ತದೆ, ಎಲೆ ಉದುರುವುದು ವರ್ಷದ ಕೆಲವೇ ವಾರ. ಆದ್ದರಿಂದ ಎಲೆ ಉದುರುವ ಕಾಲದಲ್ಲಿ ಅದನ್ನು ಸುಡಲು ಬಿಡದೆ ಚೀಲಗಳಲ್ಲಿ ತುಂಬಿ ವರ್ಷಕ್ಕಾಗುವಷ್ಟು ಕೂಡಿಟ್ಟುಕೊಳ್ಳಬೇಕು. ಎಷ್ಟು ಎಲೆ ಇದೆಯೋ ಅದಕ್ಕೆ ತಕ್ಕಷ್ಟೇ ಸಿಪ್ಪೆಯನ್ನು ಒಪ್ಪಿಕೊಳ್ಳಿ. ಬೇಯಿಸಿದ ಆಹಾರ, ಎಣ್ಣೆ, ಮಾಂಸ ಬೇಡ.

ರಾಶಿ ಒಂದು ಘನ ಮೀಟರ್‌ಗಿಂತ ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ. 55 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಕಾವು ಹಲವು ದಿನ ಉಳಿದು, ಹೊರಗಿನ ಭಾಗವೂ ಒಳಕ್ಕೆ ಬರುವಂತೆ ರಾಶಿಯನ್ನು ಮಗುಚಿದರೆ ಬಹುತೇಕ ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ಕೈಯಲ್ಲಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಬರುವಷ್ಟು ತೇವ ಸಾಕು. ಈಗಿನ ರಾಶಿಯನ್ನು ಎಸೆಯಬೇಕಾಗಿಲ್ಲ. ಒಣ ಎಲೆ ಬೆರೆಸಿ ಪೂರ್ತಿಯಾಗಿ ಮಗುಚಿ ಹಾಕಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ.

ಪ್ರಶ್ನೆ: ತೋಟದ ಕೆಲಸವನ್ನು ಕಡ್ಡಾಯ ಮಾಡಿ ಹಾಜರಿ ಅಂಕ ಕೊಟ್ಟರೆ ಹೆಚ್ಚು ವಿದ್ಯಾರ್ಥಿಗಳು ಬರುವುದಿಲ್ಲವೇ?
— ಪ್ರಾಂಶುಪಾಲರು

ಉತ್ತರ: ಬರುತ್ತಾರೆ, ಅಂಕ ಸಿಕ್ಕ ದಿನ ನಿಲ್ಲುತ್ತಾರೆ. ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಅಂಕಿಅಂಶ ಶಾಸ್ತ್ರದ ಪ್ರಾಯೋಗಿಕ ತರಗತಿಗಳು ತೋಟದಲ್ಲಿ ನಡೆಯಲಿ, ಅದಕ್ಕೆ ಅಂಕವಿರಲಿ. ಕಳೆ ಕೀಳುವುದು ಮಾತ್ರ ಇಚ್ಛೆಯಿಂದ ಬಂದವರ ಕೆಲಸವಾಗಿರಲಿ.

ಪ್ರಶ್ನೆ: ಕಾಲೇಜಿನ ಆಟದ ಮೈದಾನದಲ್ಲಿ ಕತ್ತರಿಸಿದ ಹುಲ್ಲನ್ನು ಹೊದಿಕೆಯಾಗಿ ಹಾಕಿದ ಮೇಲೆ ಟೊಮೆಟೊ ಮತ್ತು ಬೀನ್ಸ್ ಗಿಡಗಳ ಎಳೆಯ ಎಲೆಗಳು ಸುರುಳಿಯಾಗಿ ತಿರುಚಿಕೊಂಡಿವೆ. ಇದು ರೋಗವೇ?
— ತೋಟದ ಸದಸ್ಯೆ

ಉತ್ತರ: ವೈರಸ್ ರೋಗದಿಂದಲೂ ಎಲೆ ಮುದುಡುತ್ತದೆ, ಆದರೆ ಎರಡು ಬೇರೆ ಕುಟುಂಬದ ಬೆಳೆಗಳಲ್ಲಿ, ಹೊದಿಕೆ ಹಾಕಿದ ನಂತರ, ಒಂದೇ ಹೊತ್ತಿಗೆ ಕಾಣಿಸಿಕೊಂಡಿರುವುದರಿಂದ ಕಳೆನಾಶಕದ ಅನುಮಾನ ಬಲವಾಗಿದೆ. ಮೈದಾನದ ಅಗಲ ಎಲೆಯ ಕಳೆಗಳನ್ನು ಕೊಲ್ಲಲು ಬಳಸುವ ಕ್ಲೋಪಿರಾಲಿಡ್‌ನಂತಹ ರಾಸಾಯನಿಕಗಳು ಹುಲ್ಲಿಗೆ ಹಾನಿ ಮಾಡದೆ ಅದರಲ್ಲೇ ಉಳಿಯುತ್ತವೆ, ಕಾಂಪೋಸ್ಟ್ ಮಾಡಿದರೂ ಬೇಗ ನಾಶವಾಗುವುದಿಲ್ಲ. ಟೊಮೆಟೊ ಮತ್ತು ದ್ವಿದಳ ಗಿಡಗಳು ಅವುಗಳ ಅತ್ಯಲ್ಪ ಪ್ರಮಾಣಕ್ಕೂ ತಿರುಚಿಕೊಳ್ಳುತ್ತವೆ. ಹೊದಿಕೆಯನ್ನು ಇಂದೇ ತೆಗೆದು ತೋಟದಿಂದ ಹೊರಗಿಡಿ, ಕಾಂಪೋಸ್ಟ್ ರಾಶಿಗೆ ಸೇರಿಸಬೇಡಿ, ಬಾಧಿತ ಗಿಡಗಳ ಕಾಯಿಗಳನ್ನು ತಿನ್ನಬೇಡಿ. ಮೈದಾನಕ್ಕೆ ಏನು ಸಿಂಪಡಿಸಲಾಗಿದೆ ಎಂದು ನಿರ್ವಹಣೆಯವರನ್ನು ಕೇಳಿ ತಿಳಿದುಕೊಳ್ಳಿ.

ಇನ್ನು ಮುಂದೆ ಹೊರಗಿನಿಂದ ಬರುವ ಹುಲ್ಲು, ಸಗಣಿ ಗೊಬ್ಬರ, ಕಾಂಪೋಸ್ಟ್ ಯಾವುದನ್ನೇ ಆಗಲಿ ಪಾತಿಗೆ ಹಾಕುವ ಮೊದಲು ಪರೀಕ್ಷಿಸುವ ಸುಲಭ ವಿಧಾನವೊಂದಿದೆ. ಅದನ್ನು ಸಮ ಪ್ರಮಾಣದ ಒಳ್ಳೆಯ ಮಣ್ಣಿನೊಂದಿಗೆ ಬೆರೆಸಿ ಮೂರು ಕುಂಡಗಳಲ್ಲಿ ತುಂಬಿ, ಬೇರೆ ಮೂರು ಕುಂಡಗಳಲ್ಲಿ ಬರೀ ಮಣ್ಣು ತುಂಬಿ, ಎಲ್ಲದರಲ್ಲೂ ಬೀನ್ಸ್ ಬೀಜ ಹಾಕಿ. ಒಂದು ಗುಂಪಿನ ಕುಂಡದಿಂದ ಬಸಿದ ನೀರು ಇನ್ನೊಂದಕ್ಕೆ ತಾಗದಂತೆ ದೂರದೂರ ಇಡಿ. ಮೂರು ವಾರಗಳಲ್ಲಿ ಮೂರು ನಿಜವಾದ ಎಲೆಗಳು ಮೂಡಿದಾಗ ಎರಡೂ ಗುಂಪಿನ ಗಿಡಗಳು ಒಂದೇ ರೀತಿ ನೆಟ್ಟಗೆ ಬೆಳೆದಿದ್ದರೆ ಬಳಸಬಹುದು. ಬೆರಕೆ ಮಣ್ಣಿನ ಗಿಡಗಳು ಮಾತ್ರ ತಿರುಚಿಕೊಂಡಿದ್ದರೆ ಆ ಸರಕನ್ನು ಹಿಂದಿರುಗಿಸಿ.